ವಿಷಾಣುವಿನ ಕವಚವಿಮೋಚನೆ

ಲ್ಯಾಟಿನ್ ಭಾಷೆಯಲ್ಲಿ ‘ವೈರಸ್’ ಎಂಬ ಶಬ್ದಕ್ಕೆ ವಿಷವೆಂದೇ ಅರ್ಥ. ಕನ್ನಡದಲ್ಲಿ ಅದು ವಿಷಾಣುವೆಂದೂ ವೈರಾಣುವೆಂದೂ ಹೆಸರು ಪಡೆಯಿತು. ಎರಡು ಹೆಸರುಗಳಲ್ಲಿಯೂ ಭಯವಿದೆ. ಸಿಡುಬು, ಪೋಲಿಯೋ, ರೇಬೀಸುಗಳ ಹಾವಳಿಯನ್ನು ಕಂಡ ಲೋಕಕ್ಕೆ ಆ ಭಯವು ಸಹಜವೇ ಸರಿ. ಆದರೆ ವಿಷವೂ ಯುಕ್ತಿಯಿಂದ ಬಳಸಿದಲ್ಲಿ ಔಷಧವಾಗುವುದೆಂಬುದು ಆಯುರ್ವೇದವು ಬಹುಕಾಲದಿಂದ ಬಲ್ಲ ಮಾತು. ವತ್ಸನಾಭಿಯಂತಹ ಘೋರವಿಷದ ಬೇರನ್ನು ಗೋಮೂತ್ರದಲ್ಲಿ ಶೋಧಿಸಿ ಔಷಧಕ್ಕೆ ಬಳಸುವ ಕ್ರಮವು ವೈದ್ಯರಲ್ಲಿದೆ. ಇಂದಿನ ವಂಶವಾಹಿ ಚಿಕಿತ್ಸೆಯಲ್ಲಿ, ಅಂದರೆ ಜೀನ್ ಚಿಕಿತ್ಸೆಯಲ್ಲಿ, ವಿಷಾಣುವಿಗೂ ಅಂತಹುದೇ ಒಂದು ಶೋಧನೆ ನಡೆಯುತ್ತದೆ. ಅದು ತನ್ನ ಸಂತತಿಯನ್ನು ಬೆಳೆಸಲು ಬೇಕಾದ ವಂಶವಾಹಿಗಳನ್ನು ತೆಗೆದು, ರೋಗಿಯಲ್ಲಿ ಕೊರತೆಯಾಗಿರುವ ವಂಶವಾಹಿಯನ್ನು ಅಲ್ಲಿ ತುಂಬುತ್ತಾರೆ. ಕವಚ ವಿಷಾಣುವಿನದು, ಒಳಗಿನ ಸಂದೇಶ ಮನುಷ್ಯನದು.

ಈ ಚಿಕಿತ್ಸೆಯನ್ನು ಕೊಂಡಾಡುವವರು ಸಾಮಾನ್ಯವಾಗಿ ವಿಷಾಣುವಿನ ಹೊರುವ ಶಕ್ತಿಯನ್ನೇ ಕೊಂಡಾಡುತ್ತಾರೆ. ವಿಚಾರಿಸಿ ನೋಡಿದರೆ, ಹೊರುವುದಕ್ಕಿಂತ ಇಳಿಸುವುದೇ ಕಠಿಣವಾದ ಕಾರ್ಯ. ಹೊತ್ತುದನ್ನು ಸಲ್ಲಬೇಕಾದ ಸ್ಥಳದಲ್ಲಿ, ಸಲ್ಲಬೇಕಾದ ಕಾಲದಲ್ಲಿ ಬಿಟ್ಟುಕೊಡದ ವಾಹಕದಿಂದ ಪ್ರಯೋಜನವಿಲ್ಲ. ಈ ಬಿಟ್ಟುಕೊಡುವ ಕ್ರಿಯೆಯನ್ನು ಕನ್ನಡದಲ್ಲಿ ಕವಚವಿಮೋಚನೆ ಎನ್ನಬಹುದು.

1965ರಲ್ಲಿ ಅಡಿನೋ ವಿಷಾಣುವಿನ ಜೊತೆಯಲ್ಲಿ ಬೇರೊಂದು ಕಿರಿಯ ವಿಷಾಣುವು ವಿಜ್ಞಾನಿಗಳ ಕಣ್ಣಿಗೆ ಬಿದ್ದಿತು. ಅಡಿನೋ ಸಹವರ್ತಿ ವಿಷಾಣುವೆಂದು ಅದಕ್ಕೆ ಹೆಸರು. ಅದರ ವ್ಯಾಸ ಸುಮಾರು 25 ನ್ಯಾನೋಮೀಟರ್, ಅಂದರೆ ಮಿಲಿಮೀಟರಿನ ನಲವತ್ತು ಸಾವಿರದಲ್ಲೊಂದು ಪಾಲು. 60 ಪ್ರೋಟೀನುಗಳು ಸೇರಿ ಅದರ ಕವಚವಾಗಿದೆ. ಜೀವಕೋಶವು ಅದನ್ನು ಸಣ್ಣ ಚೀಲವೊಂದರಲ್ಲಿ ಸುತ್ತಿ ಒಳಗೆ ಸೆಳೆದುಕೊಳ್ಳುತ್ತದೆ. ಚೀಲದ ಒಳಗು ಕ್ರಮೇಣ ಆಮ್ಲೀಯವಾಗುತ್ತದೆ. ಆಗ ಕವಚದಲ್ಲಿ ಅಡಗಿದ್ದ ಪ್ರೋಟೀನಿನ ಒಂದು ಭಾಗವು ಹೊರಚಾಚಿ, ಚೀಲದ ಪೊರೆಯನ್ನು ಭೇದಿಸಿ ಪಾರಾಗಲು ನೆರವಾಗುತ್ತದೆ. ಇಷ್ಟಾದರೂ ಕವಚ ಬಿಚ್ಚುವುದಿಲ್ಲ. ಕೋಶಕೇಂದ್ರದ ರಂಧ್ರದೊಳಗೆ ನುಸುಳಿ ಒಳಸೇರಿದ ಮೇಲೆಯೇ ಅದು ಕಳಚಿ, ಒಂಟಿ ಎಳೆಯ ಡಿ.ಎನ್.ಎ. ಹೊರಬರುತ್ತದೆ. ಆ ಎಳೆಗೆ ಜೊತೆಯೆಳೆ ಕೂಡಿದ ಬಳಿಕವೇ ವಂಶವಾಹಿಯು ಕಾರ್ಯಕ್ಕೆ ತೊಡಗುತ್ತದೆ.

ಅಡಿನೋ ವಿಷಾಣುವಿನ ಮಾರ್ಗ ಬೇರೆ. ಸುಮಾರು 90 ನ್ಯಾನೋಮೀಟರ್ ಗಾತ್ರದ ಅದು ಆ ರಂಧ್ರದಲ್ಲಿ ಇಡಿಯಾಗಿ ನುಸುಳಲಾರದು. ಆದಕಾರಣ ದಾರಿಯಲ್ಲಿಯೇ ಕವಚವನ್ನು ಅಷ್ಟಷ್ಟಾಗಿ ಕಳಚುತ್ತ ಬಂದು ರಂಧ್ರದ ಬಾಗಿಲಲ್ಲಿ ನಿಲ್ಲುತ್ತದೆ. ಜೀವಕೋಶದ ಚಾಲಕ ಪ್ರೋಟೀನುಗಳೇ ಅಲ್ಲಿ ಅದನ್ನು ಎಳೆದು ಒಡೆಯುತ್ತವೆ. ಏಡ್ಸ್ ರೋಗದ ವಿಷಾಣುವಿನಿಂದ ರೂಪಿಸಿದ ವಾಹಕಗಳೂ ಚಿಕಿತ್ಸೆಯಲ್ಲಿ ಬಳಕೆಯಲ್ಲಿವೆ. ಆ ವಿಷಾಣುವಿನ ಒಳಕವಚವು ಕೋಶಕೇಂದ್ರದ ಹೊರಗೇ ಕಳಚುವುದೆಂದು ಬಹುಕಾಲ ನಂಬಲಾಗಿತ್ತು. ಅದು ಹೆಚ್ಚುಕಡಿಮೆ ಇಡಿಯಾಗಿಯೇ ಒಳಹೊಕ್ಕು ಅಲ್ಲಿ ತೆರೆಯುವುದೆಂದು 2020–21ರ ಸಂಶೋಧನೆಗಳು ತೋರಿಸಿದವು.

ಇಂತಹ ಸೂಕ್ಷ್ಮಗಳಿಂದ ರೋಗಿಗೆ ಆಗಬೇಕಾದುದೇನೆಂದು ಕೆಲವರು ಕೇಳಬಹುದು. ಆಗಬೇಕಾದುದು ಬಹಳವಿದೆ. ಒಳಹೊಕ್ಕ ವಿಷಾಣುಗಳಲ್ಲಿ ಅನೇಕವು ಚೀಲದಲ್ಲಿಯೇ ನಾಶವಾಗುತ್ತವೆ. ಕೆಲವು ಕೋಶಕೇಂದ್ರವನ್ನು ಸೇರಿಯೂ ಬಿಚ್ಚದೆ ಉಳಿಯುತ್ತವೆ. ಈ ನಷ್ಟವನ್ನು ತುಂಬಲು ಅಪಾರ ಸಂಖ್ಯೆಯಲ್ಲಿ ವಿಷಾಣುಗಳನ್ನು ಕೊಡಬೇಕಾಗುತ್ತದೆ. 2017ರಲ್ಲಿ ಅಮೆರಿಕೆಯಲ್ಲಿ ಮಾನ್ಯತೆ ಪಡೆದ, ಆನುವಂಶಿಕ ಅಂಧತ್ವವೊಂದರ ಚಿಕಿತ್ಸೆಯಲ್ಲಿ ಒಂದು ಕಣ್ಣಿಗೆ 15,000 ಕೋಟಿ ವಿಷಾಣುಗಳು ಬೇಕು. 2019ರಲ್ಲಿ ಮಾನ್ಯತೆ ಪಡೆದ, ಶಿಶುಗಳ ಬೆನ್ನುಹುರಿ ಸಂಬಂಧದ ಸ್ನಾಯುಕ್ಷಯದ ಔಷಧದಲ್ಲಿ ದೇಹದ ಒಂದೊಂದು ಕಿಲೋಗ್ರಾಂ ತೂಕಕ್ಕೆ 110 ಲಕ್ಷ ಕೋಟಿ! ಇಷ್ಟು ಕವಚಗಳ ಭಾರವನ್ನು ದೇಹವು ಸುಮ್ಮನೆ ಸಹಿಸುವುದಿಲ್ಲ. 1999ರಲ್ಲಿ ಅಮೆರಿಕೆಯ ಜೆಸ್ಸಿ ಗೆಲ್ಸಿಂಗರ್ ಎಂಬ 18 ವರ್ಷದ ತರುಣನು ಅಡಿನೋ ವಿಷಾಣುವಿನ ಪ್ರಯೋಗಕ್ಕೆ ಒಳಗಾಗಿ ನಾಲ್ಕೇ ದಿನಗಳಲ್ಲಿ ತೀರಿಕೊಂಡನು. ಆತನ ದೇಹವು ಉಗ್ರವಾಗಿ ಪ್ರತಿಭಟಿಸಿದ್ದು ಆ ವಾಹಕದ ವಿರುದ್ಧ. 2025ರಲ್ಲಿಯೂ ಅಲ್ಲಿ ಸ್ನಾಯುಕ್ಷಯಕ್ಕೆ ಇಂತಹ ಚಿಕಿತ್ಸೆ ಪಡೆದ ಇಬ್ಬರು ಬಾಲಕರು ಯಕೃತ್ತು ಕೆಟ್ಟು ಮರಣಹೊಂದಿದರು.

ಕವಚವು ಸರಿಯಾಗಿ ಬಿಚ್ಚುವ ಪ್ರಮಾಣವು ಹೆಚ್ಚಿದಷ್ಟೂ ಔಷಧದ ಪ್ರಮಾಣವನ್ನು ತಗ್ಗಿಸಬಹುದು. ಅದು ತಗ್ಗಿದಷ್ಟೂ ಅಪಾಯವು ತಗ್ಗುತ್ತದೆ. ಬೆಲೆಯ ಮಾತೂ ಇದರೊಡನೆ ಬೆರೆತಿದೆ. ಶಿಶುಗಳ ಆ ಔಷಧಕ್ಕೆ 2019ರಲ್ಲಿ ಕಟ್ಟಿದ ಬೆಲೆ 21 ಲಕ್ಷ ಡಾಲರಿಗೂ ಮಿಗಿಲು. ಅದಕ್ಕಾಗಿ ಕನ್ನಡನಾಡಿನ ತಂದೆತಾಯಿಗಳೂ ಸಾರ್ವಜನಿಕರ ಮುಂದೆ ಸೆರಗೊಡ್ಡಿದುದುಂಟು. ಬೆಲೆಗೆ ಕಾರಣಗಳು ಹಲವು. ಆದರೂ ಲಕ್ಷ ಕೋಟಿಗಳ ಲೆಕ್ಕದಲ್ಲಿ ವಿಷಾಣುಗಳನ್ನು ಬೆಳೆಸಿ ಶುದ್ಧಿಗೊಳಿಸುವ ವೆಚ್ಚವೂ ಅವುಗಳಲ್ಲೊಂದೆಂಬುದನ್ನು ಮರೆಯಲಾಗದು. ಆದುದರಿಂದ ಹೊಸ ಹೊಸ ರೋಗಗಳಿಗೆ ಈ ಚಿಕಿತ್ಸೆಯನ್ನು ಅವಸರದಿಂದ ವಿಸ್ತರಿಸುವುದಕ್ಕಿಂತ, ಕವಚವು ಬಿಚ್ಚುವ ಬಗೆಯನ್ನು ತಾಳ್ಮೆಯಿಂದ ಅರಿಯುವುದಕ್ಕೆ ಹೆಚ್ಚಿನ ದುಡ್ಡು, ಹೆಚ್ಚಿನ ಬುದ್ಧಿ ವಿನಿಯೋಗವಾಗುವುದು ಉಚಿತ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಐವರು ಹಿಮೋಫಿಲಿಯಾ ರೋಗಿಗಳಿಗೆ, ಅವರವರ ರಕ್ತಮೂಲ ಕೋಶಗಳನ್ನು ಹೊರತೆಗೆದು ವಿಷಾಣುವಾಹಕದಿಂದ ತಿದ್ದಿ ಮರಳಿಸಿದ ಚಿಕಿತ್ಸೆಯ ಫಲವು 2024ರಲ್ಲಿ ಪ್ರಕಟವಾಯಿತು. ಈ ವಿದ್ಯೆಯು ಭಾರತೀಯರಿಗೆ ನಿಲುಕದ್ದಲ್ಲವೆಂಬುದಕ್ಕೆ ಇದೇ ಸಾಕ್ಷಿ.

ದಾಸೋಹದ ಕೊಪ್ಪರಿಗೆಯಲ್ಲಿ ಅನ್ನ ತುಂಬಿದ್ದರೆ ಸಾಲದು. ಅದು ಹಸಿದವನ ಎಲೆಗೆ ಬೀಳಬೇಕು. ವಿಷಾಣುವಿನ ವಿಷಯದಲ್ಲಿಯೂ, ವಿಜ್ಞಾನದ ವಿಷಯದಲ್ಲಿಯೂ, ಕಲಿತ ವಿದ್ಯೆಯ ವಿಷಯದಲ್ಲಿಯೂ ಈ ಮಾತು ಒಂದೇ. ಈ ಶಾಲೆಯ ಅಂಗಳದಿಂದ ಹೊರಡುವ ಮಕ್ಕಳಲ್ಲಿ ಯಾರಾದರೊಬ್ಬರು ಮುಂದೆ ಆ ಕವಚದ ಗಂಟನ್ನು ಬಿಡಿಸಿ, ಅದರ ಫಲವು ಬಡವನ ಮಗುವಿಗೂ ದೊರಕುವಂತೆ ಮಾಡಿದರೆ ಇಲ್ಲಿ ಕಲಿತುದು ಸಾರ್ಥಕವಾದೀತು.