ಹಸಿರು ಯಾರ ಮನೆಯ ಮೇಲೆ?

ಒಂದು ಕ್ರೇನಿನ ಬೆಲೆ ಒಂದೇ ಒಂದು ಡಾಲರ್! 2002ರಲ್ಲಿ ಸ್ವೀಡನ್ನಿನ ಬಂದರು ನಗರ ಮಾಲ್ಮೊದಲ್ಲಿ ಇಂತಹದ್ದೊಂದು ವ್ಯಾಪಾರ ನಡೆಯಿತು. ಕೊಕುಮ್ಸ್ ಹಡಗು ನಿರ್ಮಾಣ ಕಾರ್ಖಾನೆಯ 138 ಮೀಟರ್ ಎತ್ತರದ ಆ ದೈತ್ಯ ಯಂತ್ರವನ್ನು ಹ್ಯುಂಡೈ ಕಂಪೆನಿಯು ಬಿಚ್ಚಿ, ದಕ್ಷಿಣ ಕೊರಿಯಾದ ಉಲ್ಸಾನ್‌ಗೆ ಸಾಗಿಸಿತು. ಅಲ್ಲಿ ಅದಕ್ಕೆ ಬಿದ್ದ ಹೆಸರು 'ಮಾಲ್ಮೊದ ಕಣ್ಣೀರು'.

ಆ ಕಣ್ಣೀರಿಗೆ ಕಾರಣವಿತ್ತು. ಒಂದು ಕಾಲದಲ್ಲಿ ಬೃಹತ್ ತೈಲ ಹಡಗುಗಳನ್ನು ಕಟ್ಟುತ್ತಿದ್ದ ಆ ಕಾರ್ಖಾನೆಯು 1980ರ ದಶಕದಲ್ಲಿ ವಾಣಿಜ್ಯ ಹಡಗುಗಳ ನಿರ್ಮಾಣವನ್ನು ನಿಲ್ಲಿಸಿತು. ಅದೇ ಜಾಗದಲ್ಲಿ 1989ರಲ್ಲಿ ತೆರೆದ ಸಾಬ್ ಕಾರು ಕಾರ್ಖಾನೆಯೂ ಎರಡೇ ವರ್ಷಗಳಲ್ಲಿ ಮುಚ್ಚಿತು. ಬಂದರನ್ನೇ ನಂಬಿದ್ದ ಸಾವಿರಾರು ಕುಟುಂಬಗಳ ದುಡಿಮೆ ಹೀಗೆ ಕೈತಪ್ಪಿತು.

ಆದರೆ ಮಾಲ್ಮೊ ಕೈಕಟ್ಟಿ ಕೂರಲಿಲ್ಲ. 1998ರಲ್ಲಿ ಅಲ್ಲಿ ವಿಶ್ವವಿದ್ಯಾಲಯದ ಮಟ್ಟದ ಕಾಲೇಜು ಆರಂಭವಾಯಿತು. 2000ದಲ್ಲಿ ಡೆನ್ಮಾರ್ಕಿಗೆ ಸೇತುವೆಯಾಯಿತು. 2001ರಲ್ಲಿ ಹಳೆಯ ಹಡಗು ಕಾರ್ಖಾನೆಯ ಜಾಗದಲ್ಲಿಯೇ 'ನಾಳಿನ ನಗರ'ವೆಂಬ ವಸತಿ ಪ್ರದರ್ಶನ ತೆರೆಯಿತು. ಗಾಳಿ, ಬಿಸಿಲು, ಸಮುದ್ರದ ನೀರು ಮತ್ತು ಭೂಗರ್ಭದ ಜಲದಿಂದಲೇ ಆ ಮನೆಗಳಿಗೆ ಶಕ್ತಿ ಒದಗಿಸುವ ಯೋಜನೆ ಅದು. ಸಮೀಪದ ಸಮುದ್ರದಲ್ಲಿ 48 ಗಾಳಿಯಂತ್ರಗಳೂ ತಲೆಯೆತ್ತಿದವು. ಸತ್ತ ಬಂದರಿಗೆ ಜೀವ ಬಂತೆಂದು ಜಗತ್ತು ಹೊಗಳಿತು. ಆ ಹೊಗಳಿಕೆಗೆ ಮಾಲ್ಮೊ ಅರ್ಹವೆಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಆ ಜೀವ ಬಂದದ್ದು ಯಾರ ಮನೆಗೆ? ಸಮುದ್ರಕ್ಕೆ ಮುಖ ಮಾಡಿದ ಆ ಹಸಿರು ಮನೆಗಳು ದುಬಾರಿಯಾಗಿದ್ದವು. ಬೆವರು ಸುರಿಸಿ ಹಡಗು ಕಟ್ಟಿದವರ ನೆಲದಲ್ಲಿ ಸ್ಥಿತಿವಂತರು ಬಂದು ನೆಲೆಸಿದರು. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿದೆ ರೋಸೆನ್‌ಗಾರ್ಡ್. ಬೋಸ್ನಿಯಾ, ಇರಾಕ್, ಲೆಬನಾನ್‌ಗಳಿಂದ ಬಂದ ಕುಟುಂಬಗಳು ಬದುಕು ಕಟ್ಟಿಕೊಂಡ, ಫುಟ್‌ಬಾಲ್ ಆಟಗಾರ ಝ್ಲಾತನ್ ಇಬ್ರಾಹಿಮೊವಿಚ್ ಬೆಳೆದ ಬಡಾವಣೆ. ಅದಕ್ಕೆ ರೈಲು ನಿಲ್ದಾಣ ದೊರೆತದ್ದು 2018ರಲ್ಲಿ! ಬಡಾವಣೆಯಿಂದ ಬಡಾವಣೆಗೆ ಜನರ ಆರೋಗ್ಯದಲ್ಲಿ ಭಾರೀ ಅಂತರವಿದೆಯೆಂದು ನಗರಾಡಳಿತವೇ ನೇಮಿಸಿದ ಆಯೋಗ 2013ರಲ್ಲಿ ವರದಿ ನೀಡಿತು. ತನ್ನ ಲೋಪವನ್ನು ತಾನೇ ಎಣಿಸಿ ಪ್ರಕಟಿಸಿದ ಆ ಪ್ರಾಮಾಣಿಕತೆಯನ್ನು ಮೆಚ್ಚಲೇಬೇಕು.

ಹಾಗಾದರೆ ಹಸಿರೆಂಬುದು ಉಳ್ಳವರ ಶೋಕಿಯೇ? ಅಲ್ಲವೆಂಬುದಕ್ಕೂ ಮಾಲ್ಮೊದಲ್ಲಿಯೇ ಸಾಕ್ಷಿಯಿದೆ. ಔಗುಸ್ಟೆನ್‌ಬೊರಿ ಎಂಬುದು ನಗರಾಡಳಿತದ ವಸತಿ ಸಂಸ್ಥೆ ಸುಮಾರು 1950ರಲ್ಲಿ ಕಟ್ಟಿದ ಬಾಡಿಗೆ ಮನೆಗಳ ಬಡಾವಣೆ. ಮಳೆ ಬಂದರೆ ನೆಲಮಾಳಿಗೆಗಳಿಗೆ ಕೊಳಕು ನೀರು ನುಗ್ಗುತ್ತಿತ್ತು, ಅನುಕೂಲವಿದ್ದವರು ಬಿಟ್ಟು ಹೋಗುತ್ತಿದ್ದರು. 1998ರಿಂದ ಅಲ್ಲಿ ನಿವಾಸಿಗಳನ್ನು ಕೇಳಿಕೊಂಡೇ ಕೆಲಸ ಆರಂಭವಾಯಿತು. ಛಾವಣಿಗಳ ಮೇಲೆ ಗಿಡ ಬೆಳೆಸಲಾಯಿತು. ಮಳೆನೀರು ಹರಿಯಲು ತೆರೆದ ಕಾಲುವೆ, ತಂಗಲು ಕೊಳಗಳಾದವು. 2014ರ ಆಗಸ್ಟ್‌ನಲ್ಲಿ ಭೀಕರ ಮಳೆ ಸುರಿದು ಮಾಲ್ಮೊದ ಹಲವು ಭಾಗಗಳು ಮುಳುಗಿದಾಗ ಈ ಬಡವರ ಬಡಾವಣೆಗೆ ಹೆಚ್ಚಿನ ಹಾನಿಯಾಗಲಿಲ್ಲ.

ಪಾಠ ಸ್ಪಷ್ಟ. ಪುನರುಜ್ಜೀವನವನ್ನು ಅಳೆಯಬೇಕಾದದ್ದು ಸಮುದ್ರತೀರದ ಗೋಪುರದಿಂದಲ್ಲ, ಬಾಡಿಗೆ ಮನೆಯ ನೆಲಮಾಳಿಗೆಯಿಂದ. ಕೆಲಸ ಕಳೆದುಕೊಂಡವರಿಗೆ ಹೊಸ ಕೆಲಸದಲ್ಲಿ ಪಾಲಿದೆಯೇ, ಅವರ ಮಕ್ಕಳಿಗೆ ಹೊಸ ಕಾಲೇಜಿನಲ್ಲಿ ಜಾಗವಿದೆಯೇ ಎಂಬುದರಿಂದ.

ಮಳೆಗಾಲ ಬಂತೆಂದರೆ 'ಕೃತಕ ನೆರೆ'ಯ ಸುದ್ದಿ ಓದುವ ಮಂಗಳೂರಿನಲ್ಲಿಯೂ ಸಮುದ್ರ ಮತ್ತು ನದಿಯ ದಡವನ್ನು ಸುಂದರಗೊಳಿಸುವ ಮಾತುಗಳು ಕೇಳಿಬರುತ್ತಿವೆ. ದಡ ಸುಂದರವಾಗಲಿ, ನಮ್ಮ ತಕರಾರಿಲ್ಲ. ಆದರೆ ನೀರು ನುಗ್ಗುವ ಮನೆಯ ಬಾಗಿಲಿನಿಂದ ಕೆಲಸ ಆರಂಭವಾಗಲಿ. ಹಾಗೆಂದು ಕೇಳುವ ಹೊಣೆ ನಮ್ಮ ಮೇಲೆಯೂ ಇದೆ.