ಮಳೆಯನ್ನು ನೋಡಿ ಕೈಗವಸು ಆರಿಸಬೇಕು

ಮಲೆನಾಡಿನ ಮಳೆ ಬೇರೆ, ಭೀಮಾತೀರದ ಮಳೆ ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮಿಗಿಲಾಗಿ ಸುರಿಯುವ ಮಳೆ, ಸನ್ನತಿ, ಚಿತ್ತಾಪುರ, ಸೇಡಂ ಪರಿಸರದಲ್ಲಿ 800 ಮಿ.ಮೀ.ಗಳ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಒಂದೆಡೆ ದಿನಗಟ್ಟಲೆ ಬಿಡದ ತಣ್ಣನೆಯ ಜಡಿಮಳೆ; ಇನ್ನೊಂದೆಡೆ ಸೆಕೆಯ ನಡುವೆ ಒಮ್ಮೆಲೇ ಬಂದು ಹೋಗುವ ಬಿರುಮಳೆ. ಆದರೆ ಮೋಟಾರು ಬೈಕಿನ ಸವಾರರಿಗೆ ಪೇಟೆಯಲ್ಲಿ ಮಾರಲಾಗುವ ಜಲನಿರೋಧಕ ಕೈಗವಸು ಮಾತ್ರ ಎರಡೂ ಕಡೆ ಒಂದೇ. ಎಲ್ಲ ಹವೆಗೂ ಸಲ್ಲುತ್ತದೆ ಎಂಬ ಮಾರಾಟಗಾರರ ಮಾತನ್ನು ನಂಬಿ ಹಣ ಕೊಡುವ ಮೊದಲು ಸವಾರರು ತುಸು ಯೋಚಿಸುವುದು ಒಳಿತು.

ಅಶೋಕನ ಶಾಸನ ಹಾಗೂ ಕನಗನಹಳ್ಳಿಯ ಸ್ತೂಪದಿಂದ ಸನ್ನತಿ ನಾಡಿಗೆ ಪರಿಚಿತ. ಆದರೆ ಅಲ್ಲಿಯ ಜನರಿಗೆ ಬೈಕು ವಿಹಾರದ ಸಾಧನವಲ್ಲ. ತೊಗರಿಯ ಹೊಲಕ್ಕೆ, ವಾಡಿಯ ಸಿಮೆಂಟ್ ಕಾರ್ಖಾನೆಗೆ, ಶಹಾಬಾದಿನ ಕಲ್ಲುಗಣಿಗೆ ಹೋಗಿಬರಲು ಅದೇ ಆಧಾರ. ಮೊದಲ ಮಳೆ ಬಿದ್ದೊಡನೆ ಡಾಂಬರಿನ ಮೇಲಿನ ಸುಣ್ಣಕಲ್ಲಿನ ಧೂಳೂ ಟ್ರ್ಯಾಕ್ಟರುಗಳ ಚಕ್ರಕ್ಕಂಟಿ ಬಂದ ಕರಿಮಣ್ಣೂ ಸೇರಿ ಜಾರುವ ಲೇಪವಾಗುತ್ತವೆ. ಇಂತಹ ಹಾದಿಯಲ್ಲಿ ಕೈ ಒದ್ದೆಯಾಗುವುದಕ್ಕಿಂತ ಹಿಡಿತ ತಪ್ಪುವುದು ದೊಡ್ಡ ಅಪಾಯ. ಆದುದರಿಂದ ಕೈಗವಸಿನ ಮೊದಲ ಗುಣ ನೀರು ತಡೆಯುವುದಲ್ಲ, ಬ್ರೇಕಿನ ಸನ್ನೆಯನ್ನು ಬೆರಳಿಗೆ ಸ್ಪಷ್ಟವಾಗಿ ತಿಳಿಸುವುದು.

ಬೆಲೆಬಾಳುವ ಕೈಗವಸಿನಲ್ಲಿ ಹೊರಬಟ್ಟೆ ಮತ್ತು ಒಳವಸ್ತ್ರಗಳ ನಡುವೆ ಒಂದು ತೆಳುವಾದ ಪೊರೆ ಇರುತ್ತದೆ. ಅದು ನೀರಿನ ಹನಿಯನ್ನು ತಡೆದು, ಬೆವರಿನ ಆವಿಯನ್ನು ಮಾತ್ರ ಹೊರಬಿಡುತ್ತದೆ. ಆದರೆ ಆವಿ ಹೊರಹೋಗಬೇಕಾದರೆ ಒಳಗಿನ ಆವಿಯ ಒತ್ತಡ ಹೊರಗಿನದಕ್ಕಿಂತ ಸಾಕಷ್ಟು ಹೆಚ್ಚಾಗಿರಬೇಕು. ಹೊರಗೆ ಚಳಿಯಿದ್ದಾಗ ಈ ವ್ಯತ್ಯಾಸ ದೊಡ್ಡದು. ಸೆಕೆ ಮತ್ತು ತೇವಾಂಶಗಳು ಕೂಡಿದ ಶ್ರಾವಣದ ಸಂಜೆಯಲ್ಲಿ ಅತ್ಯಲ್ಪ. ಚಳಿನಾಡುಗಳಿಗೆ ತಕ್ಕ ವಸ್ತು ಸನ್ನತಿಯ ಹಾದಿಯಲ್ಲಿ ಬೆವರಿನ ಚೀಲವಾಗುವುದು ಇದರಿಂದಲೇ. ಮಳೆಯಿಂದ ಒಣಗಿದ್ದ ಕೈ ಬೆವರಿನಿಂದ ಒದ್ದೆಯಾದರೆ ಕೊಟ್ಟ ಹಣಕ್ಕೆ ಅರ್ಥವೇನು?

ಹೊರಬಟ್ಟೆಯ ಮೇಲೆ ನೀರು ಉರುಳಿಹೋಗಲೆಂದು ಬಳಿಯುವ ಲೇಪದ ಮಾತು ಇನ್ನೂ ಗಂಭೀರವಾದುದು. ದಶಕಗಳ ಕಾಲ ಇದಕ್ಕೆ ಫ್ಲೋರಿನ್‌ಯುಕ್ತ ರಾಸಾಯನಿಕಗಳೇ ಬಳಕೆಯಾದವು. ಇವು ಮಣ್ಣಿನಲ್ಲಿ, ನೀರಿನಲ್ಲಿ ಸುಲಭವಾಗಿ ಕೊಳೆಯುವುದಿಲ್ಲ. ಈ ಕುಲದ ಪಿಎಫ್‌ಒಎಸ್ 2009ರಲ್ಲಿ, ಪಿಎಫ್‌ಒಎ 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿದವು. ವರ್ಷದಲ್ಲಿ ಕೆಲವೇ ದಿನಗಳ ಮಳೆಗಾಗಿ, ಆ ಮಳೆಗಿಂತ ನೂರಾರು ಪಟ್ಟು ಹೆಚ್ಚು ಕಾಲ ಉಳಿಯುವ ವಿಷವನ್ನು ಹೊಳೆಗೆ ಸೇರಿಸುವುದು ವಿವೇಕವಲ್ಲ. ಫ್ಲೋರಿನ್‌ರಹಿತ ಲೇಪಗಳು ಈಗ ದೊರೆಯುತ್ತವೆ. ಅವು ಬೇಗ ಸವೆಯಬಹುದು, ಆದರೆ ಮತ್ತೆ ಬಳಿಯಬಹುದು.

ಹಾಗಾದರೆ ಆಯ್ಕೆ ಹೇಗೆ? ಕೈಗವಸು ತೊಟ್ಟು ಅಂಗಡಿಯ ಹೊರಗಿರುವ ಬೈಕಿನ ಬ್ರೇಕು, ಕ್ಲಚ್ಚುಗಳನ್ನು ಒತ್ತಿ ನೋಡಬೇಕು. ನೆಲದ ಮೇಲಿನ ನಾಣ್ಯವನ್ನು ಎತ್ತಲಾಗದಷ್ಟು ದಪ್ಪವಾಗಿದ್ದರೆ ಅದು ಬೇಡ. ಕೈ ಹೊರತೆಗೆಯುವಾಗ ಒಳವಸ್ತ್ರ ಬೆರಳಿನೊಡನೆ ಕಿತ್ತು ಬಂದರೆ, ಒದ್ದೆಗೈಯಲ್ಲಿ ಅದನ್ನು ಮತ್ತೆ ತೊಡುವುದು ದುಸ್ಸಾಧ್ಯ. ಅಂಗೈಗೆ ಗಟ್ಟಿ ಚರ್ಮವೋ ಸಮಾನ ಬಟ್ಟೆಯೋ ಇರಲಿ. ಮಣಿಕಟ್ಟಿನ ಪಟ್ಟಿ ಬಿಗಿಯಾಗಿರಲಿ. ಗಿಡ್ಡ ಕೈಗವಸಾದರೆ ರೇನ್‌ಕೋಟಿನ ತೋಳು ಅದರ ಮೇಲೆ ಬರಬೇಕು. ಇಲ್ಲವಾದರೆ ತೋಳಿನಿಂದಿಳಿದ ನೀರು ಕೈಗವಸಿನೊಳಗೇ ತುಂಬುತ್ತದೆ. ಬಯಲುನಾಡಿಗೆ ಹಿಡಿತವುಳ್ಳ ಹಗುರ ಕೈಗವಸು ಸಾಕು. ಮಲೆನಾಡಿನ ದೀರ್ಘ ಮಳೆಗೆ ಪೊರೆಯುಳ್ಳದ್ದು ಉಪಯುಕ್ತವೇ. ಆದರೂ ಪೆಟ್ಟಿಗೆಯಲ್ಲಿ ಇನ್ನೊಂದು ಒಣ ಜೊತೆ ಇರುವುದು ಲೇಸು. ಹೊರಬಟ್ಟೆ ನೀರು ಕುಡಿದರೆ, ಆ ನೀರು ಆವಿಯಾಗುವಾಗ ಪ್ರತಿ ಗ್ರಾಂಗೆ ಸುಮಾರು 580 ಕ್ಯಾಲೊರಿ ಶಾಖವನ್ನು ಹೀರುತ್ತದೆ. ಅದರಲ್ಲಿ ಒಂದು ಪಾಲು ಕೈಯಿಂದಲೇ ಹೋಗುವುದರಿಂದ ಬೆರಳು ಮರಗಟ್ಟುತ್ತವೆ.

ಒಕ್ಕಲುಮಕ್ಕಳು ಮರೆಯಬಾರದ ಇನ್ನೊಂದು ಸಂಗತಿಯಿದೆ. ಮಳೆಗಾಲ ಸಿಂಪಡಣೆಯ ಕಾಲವೂ ಹೌದು. ಕೀಟನಾಶಕ ಸಿಂಪಡಿಸಿದ ರಬ್ಬರು ಕೈಗವಸನ್ನೇ ತೊಟ್ಟು ಬೈಕು ಹತ್ತಿದರೆ ವಿಷ ಹಿಡಿಕೆಗೆ, ಹಿಡಿಕೆಯಿಂದ ಮನೆಯ ಮಕ್ಕಳ ಕೈಗೆ ತಲುಪುತ್ತದೆ. ಬೈಕಿನ ಕೈಗವಸು ತೊಟ್ಟು ಸಿಂಪಡಿಸುವುದು ಇನ್ನೂ ಘೋರ. ಚರ್ಮ ಮತ್ತು ಬಟ್ಟೆ ಹೀರಿದ ವಿಷವನ್ನು ತೊಳೆದು ತೆಗೆಯಲಾಗದು. 2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯ ಹತ್ತಿ ಹೊಲಗಳಲ್ಲಿ ಸಿಂಪಡಣೆಯ ವಿಷಕ್ಕೆ ಸಿಲುಕಿ ರೈತರು, ಕೂಲಿಕಾರರು ಸತ್ತದ್ದು ಎಲ್ಲರ ನೆನಪಿನಲ್ಲಿರಬೇಕು. ಸಿಂಪಡಣೆಗೆ ಅಸ್ತರಿಲ್ಲದ ನೈಟ್ರೈಲ್ ಕೈಗವಸು, ಸವಾರಿಗೆ ಬೇರೆಯದು: ಈ ಗಡಿಯನ್ನು ಯಾವ ಬಡತನವೂ ಅಳಿಸಬಾರದು.

ಮೋಟಾರು ವಾಹನ ಕಾಯ್ದೆಯ 129ನೆಯ ವಿಧಿ ತಲೆಯ ರಕ್ಷಣೆಯನ್ನು ಕಡ್ಡಾಯಗೊಳಿಸಿದೆ. ಕೈಯ ಬಗೆಗೆ ಮಾತಿಲ್ಲ. ಬಿದ್ದ ಸವಾರ ಮೊದಲು ನೆಲಕ್ಕೆ ಊರುವುದು ಅಂಗೈಯನ್ನೇ. ಉತ್ತು, ಬಿತ್ತು, ಕಲ್ಲು ಸೀಳಿ ಉಣ್ಣುವವರಿಗೆ ಆ ಅಂಗೈಯೇ ಆಸ್ತಿ. ಅದನ್ನು ಕಾಯುವ ವಸ್ತುವನ್ನು ಜಾಹೀರಾತನ್ನು ನೋಡಿ ಅಲ್ಲ, ತನ್ನೂರಿನ ಮಳೆಯನ್ನು ನೋಡಿ ಆರಿಸಬೇಕು.