ಬಿಡುವಿನ ಕೈಗೆಲಸ: ಮನೆಯ ಚಿತ್ರದ ಓಲೆಕಾರ್ಡು

ಪುಣೆಗೆ ಹೋಗುವ ಗಾಡಿ ಕಲ್ಯಾಣ ಬಿಟ್ಟು, ಘಾಟು ಹತ್ತಿ, ಲೋಣಾವಳ ದಾಟಿದ ಮೇಲೆ ಮಳವಲಿ ಎಂಬ ಸಣ್ಣ ನಿಲ್ದಾಣವೊಂದು ಬರುತ್ತದೆ. ದೂರದ ಗಾಡಿಗಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಿಟಕಿಯ ಪಕ್ಕ ಕುಳಿತ ನಾವೂ ಅಷ್ಟೆ. ಆದರೆ ನಮ್ಮ ಅಜ್ಜಿಯರ ದೇವರ ಕೋಣೆಯಲ್ಲಿದ್ದ ಲಕ್ಷ್ಮಿ ಸರಸ್ವತಿಯರ ಪಟಗಳಲ್ಲಿ ಎಷ್ಟೋ ಅಚ್ಚಾದದ್ದು ಆ ಊರಿನಲ್ಲಿ. ರಾಜಾ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ತೆರೆದ ಮುದ್ರಣಾಲಯವು ಮುಂದೆ ಮಳವಲಿಗೆ ಹೋಯಿತು. ಅರಮನೆಯ ಗೋಡೆಗೆ ಮೀಸಲಾಗಿದ್ದ ತೈಲಚಿತ್ರವು ಹೀಗೆ ಬಡವರ ಮನೆಗೂ ಬಂದಿತು. ಅಂಚೆ ಕಾರ್ಡಿನ ಗಾತ್ರಕ್ಕೂ ಇಳಿಯಿತು. ಚಿತ್ರ ಎಷ್ಟು ಸಣ್ಣದಾದರೂ ರವಿವರ್ಮನ ಹೆಸರು ಮಾತ್ರ ಜೊತೆಯಲ್ಲೇ ಬಂದಿತು.

ಅದೇ ಕೆಲಸವನ್ನು ಇಂದು ಥಾಣೆ, ಡೊಂಬಿವಲಿಗಳ ಎರಡು ಕೋಣೆಯ ಮನೆಯಲ್ಲಿ, ಕಲ್ಲಚ್ಚಿನ ಯಂತ್ರವಿಲ್ಲದೆ ಮಾಡಬಹುದು. ಮನೆಯವರು ಬರೆದ ಚಿತ್ರದ ಫೋಟೋವನ್ನು ಫೋನಿನಲ್ಲಿ ತೆಗೆದು, ಸ್ಟುಡಿಯೋದಲ್ಲಿ ಅಚ್ಚು ಹಾಕಿಸಿ, ಮಡಿಸಿದ ದಪ್ಪ ಕಾಗದಕ್ಕೆ ಅಂಟಿಸಿ, ಒಳಗೆ ನಾಲ್ಕು ಸಾಲು ಬರೆದು ಟಪಾಲಿಗೆ ಹಾಕುವುದು. ಚಿತ್ರವೆಂದರೆ ದೊಡ್ಡದೇ ಆಗಬೇಕೆಂದಿಲ್ಲ. ಮಗ ಶಾಲೆಯ ಪುಸ್ತಕದ ಹಿಂಬದಿಗೆ ಬರೆದ ಲೋಕಲ್ ಗಾಡಿ ಆದೀತು. ಧಾರವಾಡದ ಅತ್ತೆಯ ಸೆರಗಿನ ಕಸೂತಿ ಆದೀತು. ಸಂಜೆಯೊಳಗೆ ಅಳಿಸಿಹೋಗುವ ಬಾಗಿಲ ರಂಗೋಲಿಯಂತೂ ಆಗಲೇಬೇಕು.

ಫೋಟೋ ತೆಗೆಯುವುದರಲ್ಲಿಯೇ ಅರ್ಧ ಕೆಲಸ ಕೆಡುವುದು. ಚಿತ್ರವನ್ನು ಮೇಜಿನ ಮೇಲಿಟ್ಟು ಬಾಗಿ ತೆಗೆದರೆ ನಮ್ಮ ತಲೆಯ ನೆರಳೇ ಅದರ ಮೇಲೆ ಬೀಳುತ್ತದೆ. ಚೌಕವು ಪಾತ್ರೆಯ ಆಕಾರ ತಾಳುತ್ತದೆ. ಕಿಟಕಿಯ ಪಕ್ಕದ ಗೋಡೆಗೆ ಚಿತ್ರವನ್ನು ಅಂಟಿಸಿ, ಫೋನನ್ನು ಅದಕ್ಕೆ ಸಮಾನಾಂತರವಾಗಿ ಹಿಡಿದು, ಎರಡು ಹೆಜ್ಜೆ ಹಿಂದೆ ನಿಂತು ತೆಗೆಯಿರಿ. ನೇರ ಬಿಸಿಲು ಬೇಡ, ಫ್ಲಾಶ್ ಬೇಡವೇ ಬೇಡ. ಕಿಟಕಿಯ ಎದುರು ಬದಿಗೆ ಬಿಳಿಯ ಚಾದರವೊಂದನ್ನು ಇಳಿಬಿಟ್ಟರೆ ಕತ್ತಲಾದ ಪಕ್ಕಕ್ಕೂ ಬೆಳಕು ಬರುತ್ತದೆ. ನಮ್ಮ ಕಡೆಯ ಮಳೆಗಾಲವನ್ನು ಎಲ್ಲರೂ ಬಯ್ಯುತ್ತಾರೆ. ಆದರೆ ಮೋಡದ ಮಧ್ಯಾಹ್ನದ ಬೆಳಕು ಚಿತ್ರಕ್ಕೆ ಬಲು ಹಿತ. ಕಸೂತಿಗೆ ಮಾತ್ರ ನಿಯಮ ಬೇರೆ. ಬೆಳಕು ಓರೆಯಾಗಿ ಬಿದ್ದರೇ ನೂಲು ಎದ್ದು ಕಾಣುವುದು. ಗಾವಂತಿ, ಮುರ್ಗಿ ಹೊಲಿಗೆಗಳು ಬಟ್ಟೆಯ ಎರಡು ಮೈಯಲ್ಲೂ ಒಂದೇ ತೆರನಾಗಿರುವುದರಿಂದ, ಸೀರೆ ಬಣ್ಣಗೆಟ್ಟಿದ್ದರೆ ಒಳಮೈಯ ಫೋಟೋ ತೆಗೆದು ನೋಡಿ. ಅಲ್ಲಿ ಬಣ್ಣ ಉಳಿದಿರಬಹುದು.

ಇನ್ನು ಅಳತೆ. ಎ-4 ಕಾಗದವನ್ನು ಎರಡು ಹೋಳು ಮಾಡಿ, ಒಂದನ್ನು ನಡುವೆ ಮಡಿಸಿದರೆ 105 ಮತ್ತು 148 ಮಿಲಿಮೀಟರಿನ ಕಾರ್ಡಾಗುತ್ತದೆ. ಸ್ಟುಡಿಯೋದವರು ಸಾಮಾನ್ಯವಾಗಿ ಕೊಡುವ 4 ಮತ್ತು 6 ಅಂಗುಲದ ಫೋಟೋ 152 ಮಿಲಿಮೀಟರು ಉದ್ದ. ಕಾರ್ಡಿಗಿಂತ ಫೋಟೋವೇ ದೊಡ್ಡದು! ಆದ್ದರಿಂದ ಮೂರೂವರೆ ಮತ್ತು 5 ಅಂಗುಲದ್ದನ್ನೇ ಕೇಳಿ. ಸುತ್ತ ಎಂಟು ಹತ್ತು ಮಿಲಿಮೀಟರಿನ ಅಂಚು ಸಿಗುತ್ತದೆ. ಹೊಳಪಿನ ಕಾಗದ ಬೇಡ, ಮ್ಯಾಟ್ ಕಾಗದವಿರಲಿ. ಮಡಿಕೆಯ ಗೆರೆಯನ್ನು ಮೊದಲು ಮಸಿ ಮುಗಿದ ಬಾಲ್‌ಪೆನ್ನಿನಿಂದ ಅಡಿಪಟ್ಟಿಯಿಟ್ಟು ಒತ್ತಿ ಎಳೆದುಕೊಳ್ಳಿ. ಮೈದಾ ಅಂಟು ಕಾಗದವನ್ನು ಹಪ್ಪಳದಂತೆ ಸುಕ್ಕುಗಟ್ಟಿಸುತ್ತದೆ, ಹುಳುವನ್ನೂ ಕರೆಯುತ್ತದೆ. ಎರಡು ಮುಖದ ಟೇಪು ಸಾಕು. ರಾತ್ರಿ ದಪ್ಪ ನಿಘಂಟಿನ ಕೆಳಗಿಡಿ. ನಿಘಂಟಿಗೂ ಒಂದು ಉಪಯೋಗವಾಯಿತು.

ಸ್ಟುಡಿಯೋದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಫೋನಿನ ಫೋಟೋದ ಆಕಾರಕ್ಕೂ ಅಚ್ಚಿನ ಕಾಗದದ ಆಕಾರಕ್ಕೂ ಸರಿಹೊಂದುವುದಿಲ್ಲ. ಯಂತ್ರವು ಕಾಲು ಅಂಗುಲವನ್ನು ಅಂಚಿನಿಂದ ಕತ್ತರಿಸಿಬಿಡುತ್ತದೆ. ಬರೆದವರು ಹೆಸರು ಹಾಕುವುದು ಆ ಕೆಳಗಿನ ಮೂಲೆಯಲ್ಲಿಯೇ ಅಲ್ಲವೆ? ಫೋಟೋ ತೆಗೆಯುವಾಗಲೇ ಸುತ್ತಲೂ ಸ್ವಲ್ಪ ಗೋಡೆಯನ್ನು ಬಿಟ್ಟುಕೊಂಡರೆ ಹೆಸರು ಉಳಿಯುತ್ತದೆ.

ಹೆಸರಿಗೆ ಇಷ್ಟೇಕೆ ಆಗ್ರಹವೆಂದು ಕೇಳಬಹುದು. ಸಹಿಯಿಲ್ಲದ ಕಾಗದವು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗದ ಕಚೇರಿಯಲ್ಲಿ ದುಡಿಯುವವರ ಚಟವೆಂದು ನಗಲೂಬಹುದು. ನನಗೆ ಪರಿಚಿತವಾದ ಕಲ್ಯಾಣದ ಕುಟುಂಬವೊಂದರ ಮೂಲ ಸಾಗರದ ಕಡೆಯ ಹಳ್ಳಿ. ದೀವರ ಮನೆಗಳಲ್ಲಿ ಮದುವೆಗೆ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವ ಪದ್ಧತಿಯುಂಟು: ಕೆಮ್ಮಣ್ಣಿನ ನೆಲೆ, ಅಕ್ಕಿ ಹಿಟ್ಟಿನ ಬಿಳುಪು, ಗುರಿಗೆ ಕಾಯಿಯ ಹಳದಿ, ಪುಂಡಿನಾರಿನ ಕುಂಚ. ಈ ಮನೆಯ ಹಸೆಯನ್ನು ಬರೆದ ಮುದುಕಿ ತೀರಿಕೊಂಡರು. ಗೋಡೆಗೆ ಡಿಸ್ಟೆಂಪರು ಬಂತು. ಈಗ ಉಳಿದಿರುವುದು ಮದುವೆಯ ಫೋಟೋದಲ್ಲಿ ವಧೂವರರ ಬೆನ್ನ ಹಿಂದೆ ಕಾಣುವ ಅರ್ಧ ಹಸೆ ಮಾತ್ರ. ಅದನ್ನು ಬರೆದವರು ದೊಡ್ಡಮ್ಮನೋ, ನೆರೆಮನೆಯವರೋ, ಹೆಸರೇನೋ ಎಂಬುದನ್ನು ಮೂರು ಮನೆಗಳವರು ಮೂರು ವಿಧವಾಗಿ ಹೇಳುತ್ತಾರೆ. ಅಷ್ಟು ಗೆರೆ ಎಳೆದ ಕೈಗೆ ಇಷ್ಟೇ ಫಲ.

ನಾವಿರುವ ನಾಡಿನಲ್ಲಿಯೂ ಇದೇ ಕಥೆ. 2014ರ ಆಗಸ್ಟಿನವರೆಗೆ ಥಾಣೆ ಜಿಲ್ಲೆಯಲ್ಲೇ ಇದ್ದು ಈಗ ಪಾಲಘರಕ್ಕೆ ಸೇರಿದ ಡಹಾಣುವಿನ ಕಡೆ, ವಾರ್ಲಿ ಮುತ್ತೈದೆಯರು ಮದುವೆಗೆ ಅಕ್ಕಿ ಹಿಟ್ಟಿನಿಂದಲೇ ಗೋಡೆಯ ಮೇಲೆ ಚೌಕ ಬರೆಯುತ್ತಿದ್ದರು. ಅವರಾರ ಹೆಸರೂ ನಮಗೆ ತಿಳಿಯದು. ಗೋಡೆಯಿಂದ ಆ ಕಲೆ ಕಾಗದಕ್ಕೆ ಬಂದ ಮೇಲೆ ಜಿವ್ಯಾ ಸೋಮಾ ಮಾಶೆಯವರ ಹೆಸರು ಲೋಕಕ್ಕೆ ತಿಳಿಯಿತು. 2011ರಲ್ಲಿ ಪದ್ಮಶ್ರೀ ಬಂದಿತು. ಯುನಿಸೆಫ್ ಸಂಸ್ಥೆಯ ಮೊದಲ ಶುಭಾಶಯ ಕಾರ್ಡಿನ ಮೇಲಿದ್ದುದು ಜೆಕೊಸ್ಲೊವಾಕಿಯದ ಏಳು ವರ್ಷದ ಹುಡುಗಿಯ ಚಿತ್ರ. ಯುದ್ಧ ಮುಗಿದ ಕಾಲ. ಕಾಗದ ಸಿಗದೆ ಗಾಜಿನ ಮೇಲೆ ಬರೆದದ್ದು. ಆಕೆ ಯಿತ್ಕಾ ಸಾಮ್ಕೋವಾ ಎಂದು 1949ರಿಂದ ಇಂದಿನವರೆಗೂ ಜನ ಹೇಳಬಲ್ಲರು. ಹಾಗಿರಲು ನಮ್ಮ ಮನೆಯ ಕಾರ್ಡಿನ ಬೆನ್ನಿಗೆ ಬರೆದವರ ಹೆಸರು, ಊರು, ವರ್ಷ, ಮೂಲವು ಬಣ್ಣವೋ ನೂಲೋ ಎಂಬ ಎರಡು ಸಾಲಿಗೆ ಸ್ಥಳವಿಲ್ಲವೆ? ಮಕ್ಕಳಾದರೆ ವಯಸ್ಸನ್ನೂ ಹಾಕಿ. ಹತ್ತು ವರ್ಷ ಕಳೆದ ಮೇಲೆ ಅದೇ ಹೆಚ್ಚು ಸ್ವಾರಸ್ಯ.

ಪರರ ಚಿತ್ರವನ್ನು ಅಚ್ಚು ಹಾಕಿ ಮಾರಲು ಹೊರಡುವ ಉತ್ಸಾಹಿಗಳಿಗೆ ಒಂದು ಮಾತು. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಚಿತ್ರಕಾರನು ತೀರಿಕೊಂಡ ಬಳಿಕವೂ 60 ವರ್ಷ ಹಕ್ಕು ಉಳಿಯುತ್ತದೆ. ಉಡುಪಿಯ ಬಳಿಯ ಕಟ್ಟಿಂಗೇರಿಯಿಂದ ಮುಂಬಯಿಗೆ ಬಂದು ಹೆಸರಾದ ಕೆ. ಕೆ. ಹೆಬ್ಬಾರರು ನಿಧನರಾದದ್ದು 1996ರಲ್ಲಿ; ಅವರ ಚಿತ್ರಗಳ ಹಕ್ಕು 2056 ಮುಗಿಯುವವರೆಗೆ ಇರುತ್ತದೆ. ಸಂಘದ ಜಾತ್ರೆಯಲ್ಲಿ ಅಂತಹ ಕಾರ್ಡು ಮಾರಬೇಕಾದರೆ ಹಕ್ಕುದಾರರ ಅಪ್ಪಣೆ ಪಡೆಯತಕ್ಕದ್ದು. ಮನೆಯ ಅಜ್ಜಿಯ ಅಪ್ಪಣೆಯನ್ನೂ ಕೇಳಿ. ಅವರು ಬೇಡವೆನ್ನಲಾರರು, ಆದರೆ ಕೇಳಿದಾಗ ಅವರ ಮುಖ ನೋಡಬೇಕು.

ಒಳಪುಟದಲ್ಲಿ ಏನನ್ನೂ ಅಚ್ಚು ಹಾಕಿಸಬೇಡಿ. ಅದು ಕೈಬರಹಕ್ಕೆ, ಅದೂ ಕನ್ನಡಕ್ಕೆ. ನವಿ ಮುಂಬಯಿಯ ಶಾಲೆಯಲ್ಲಿ ಇಂಗ್ಲಿಷು, ಹಿಂದಿ, ಮರಾಠಿ ಕಲಿಯುವ ನಮ್ಮ ಮಕ್ಕಳಿಗೆ ಅಜ್ಜಿಗೆ ಪ್ರಬಂಧ ಬರೆಯೆಂದರೆ ಓಡಿಹೋಗುತ್ತಾರೆ; ತಾನೇ ಬರೆದ ಗಾಡಿಯ ಚಿತ್ರದ ಒಳಗೆ ನಾಲ್ಕು ಸಾಲೆಂದರೆ ಕುಳಿತುಕೊಳ್ಳುತ್ತಾರೆ. ಒತ್ತಕ್ಷರ ತಪ್ಪಿದರೆ ತಿದ್ದಬೇಡಿ. ಕಾರ್ಡು, ಫೋಟೋ, ಲಕೋಟೆ ಸೇರಿ ಸುಮಾರು 15 ಗ್ರಾಂ ತೂಗುತ್ತದೆ. 20 ಗ್ರಾಂವರೆಗೆ ಸಾದಾ ಕಾಗದದ ಅಂಚೆದರವೇ ಸಾಕು. ಗೌರಿ ಗಣೇಶನ ಹಬ್ಬಕ್ಕೆ ಕಳಿಸುವವರು ಮಳೆಯನ್ನು ನೆನೆದು ವಿಳಾಸವನ್ನು ಬಾಲ್‌ಪೆನ್ನಿನಲ್ಲೇ ಬರೆಯಿರಿ. ಉಳಿದ ತುಂಡು ಕಾಗದಗಳಿಂದ ಲಕೋಟೆ ಮಾಡುವ ಬಗೆಯನ್ನು ಮುಂದಿನ ಸಂಚಿಕೆಯಲ್ಲಿ ನೋಡೋಣ.